ಒಮ್ಮೊಮ್ಮೆ ಕೈಕೊಡುವ ಗಾಡಿ

ತಮ್ಮಾ, ಪೂರ್ತಿ ಕೆಟ್ಟು ನಿಂತ ಗಾಡಿಯ ರಿಪೇರಿ ನಿನಗೆ ಆಗಲೇ ಬರುತ್ತದೆ. ಹಾರಿದ ಫ್ಯೂಸ್ ಹಾರಿಯೇ ಇರುತ್ತದೆ, ತುಂಡಾದ ವೈರು ತುಂಡಾಗಿಯೇ ಇರುತ್ತದೆ, ಹುಡುಕಿದರೆ ಸಿಗುತ್ತದೆ. ನಾನು ಹೇಳಹೊರಟಿರುವುದು ಬೇರೆ ಥರದ ಗಾಡಿಯ ವಿಷಯ. ವಾರವೆಲ್ಲ ಸೆಲ್ಫ್ ಒತ್ತಿದ ಕೂಡಲೇ ಹಿಡಿಯುತ್ತದೆ. ಒಂದು ದಿನ, ಅದೂ ಮಳೆ ಹೊಡೆಯುತ್ತಿರುವಾಗ, ಆಗುಂಬೆ ಘಾಟಿಯ ತಿರುವಿನಲ್ಲೋ ಆಸ್ಪತ್ರೆಯ ಗೇಟಿನ ಮುಂದೋ ಒತ್ತಿದರೆ ಸದ್ದೇ ಇಲ್ಲ. ಅರ್ಧ ಗಂಟೆ ಬಿಟ್ಟು ಒತ್ತಿದರೆ ಏನೂ ಆಗಿಯೇ ಇಲ್ಲವೆಂಬಂತೆ ಸ್ಟಾರ್ಟ್. ಮಾರನೇ ದಿನ ಗಾಡಿಯವರು ನಿನ್ನ ಹತ್ತಿರ ತರುತ್ತಾರೆ. ನಿನ್ನ ಎದುರು ಎಷ್ಟು ಸಲ ಒತ್ತಿದರೂ ಅಷ್ಟೂ ಸಲ ಹಿಡಿಯುತ್ತದೆ.

ಇಂಥ ಗಾಡಿಯನ್ನು ನಾನು ಪೂರ್ತಿ ಕೆಟ್ಟ ಗಾಡಿಗಿಂತ ಅಪಾಯದ್ದು ಎಂದು ಎಣಿಸುತ್ತೇನೆ. ಕೆಟ್ಟು ನಿಂತದ್ದನ್ನು ನಂಬಿ ಯಾರೂ ಮನೆಯಿಂದ ಹೊರಡುವುದಿಲ್ಲ. ಇದನ್ನು ನಂಬಿ ಹೊರಡುತ್ತಾರೆ. ಮಲೆನಾಡಿನ ಎಷ್ಟೋ ಊರುಗಳಿಗೆ ಸಂಜೆಯ ಬಸ್ಸು ತಪ್ಪಿದರೆ ಮತ್ತೆ ಬೆಳಗ್ಗೆಯೇ. ಡೈರಿಗೆ ಹಾಲು ಹಾಕುವವರು, ಗುಡ್ಡದಾಚೆಯ ಮನೆಗಳಿಗೆ ಹೋಗುವ ಆಶಾ ಕಾರ್ಯಕರ್ತೆ, ಶಾಲೆಯ ಮೇಷ್ಟ್ರು, ಇವರ ದಿನವೆಲ್ಲ ಆ ಒಂದು ಗುಂಡಿಯ ಮೇಲೆ ನಿಂತಿರುತ್ತದೆ. ಹಾಗಾಗಿ ‘ಈಗ ಸರಿ ಇದೆಯಲ್ಲ, ಮತ್ತೆ ಬಂದ್ರೆ ನೋಡೋಣ ಬಿಡಿ’ ಎಂದು ಕಳಿಸಬೇಡ. ಸುಮ್ಮನೆ ಒಂದು ಹೊಸ ಬ್ಯಾಟರಿ ಕೂರಿಸಿ ಕಳಿಸುವುದೂ ಬೇಡ.

ಎಲ್ಲಕ್ಕಿಂತ ಮೊದಲು, ಏನನ್ನೂ ಮುಟ್ಟಬೇಡ. ಗಾಡಿ ಬಂದ ಕೂಡಲೇ ಸೀಟು ಎತ್ತಿ, ಸಿಕ್ಕ ಕನೆಕ್ಟರ್‌ಗಳನ್ನೆಲ್ಲ ಬಿಚ್ಚಿ ಮತ್ತೆ ಚುಚ್ಚುವ ಅಭ್ಯಾಸ ನಮ್ಮ ಎಲ್ಲ ಗ್ಯಾರೇಜುಗಳಲ್ಲೂ ಇದೆ. ಅದರಿಂದ ಏನಾಗುತ್ತದೆ ಗೊತ್ತಾ? ಒಳಗಿನ ಪಿನ್ನಿನ ಮೇಲೆ ಕಿಲುಬು ಕಟ್ಟಿದ್ದರೆ ಬಿಚ್ಚಿ ಚುಚ್ಚಿದ ಉಜ್ಜಾಟಕ್ಕೇ ಅದು ಸ್ವಲ್ಪ ಕೆರೆದು ಹೋಗಿ ಕರೆಂಟ್ ಹರಿಯುತ್ತದೆ. ಗಾಡಿ ಸರಿಯಾಯಿತು ಅಂತ ನಿನಗೂ ಅನ್ನಿಸುತ್ತದೆ, ಅವರಿಗೂ ಅನ್ನಿಸುತ್ತದೆ. ಎರಡು ವಾರ ಕಳೆದ ಮೇಲೆ ಕಿಲುಬು ಮತ್ತೆ ಕಟ್ಟುತ್ತದೆ. ಅಷ್ಟರಲ್ಲಿ ನೀನು ಬಿಚ್ಚಿ ಚುಚ್ಚಿದ ಆರು ಕನೆಕ್ಟರ್‌ಗಳಲ್ಲಿ ತಪ್ಪು ಯಾವುದರಲ್ಲಿತ್ತು ಎಂದು ತೋರಿಸುವ ಗುರುತು ಅಳಿಸಿಹೋಗಿರುತ್ತದೆ. ಬ್ಯಾಟರಿಯನ್ನು ಮೊದಲೇ ಚಾರ್ಜಿಗೆ ಹಾಕಿದರೂ ಅಷ್ಟೆ, ನೀರು ಹೊಡೆದು ತೊಳೆದರೂ ಅಷ್ಟೆ. ಬಂದು ಹೋಗುವ ತೊಂದರೆಯನ್ನು ಓಡಿಸುವುದು ಬಹಳ ಸುಲಭ, ನಾವು ಅದನ್ನು ಮೊದಲು ಕರೆಯಬೇಕು. ಅದು ನಮ್ಮ ಕಣ್ಣೆದುರು ಬಂದು ನಿಂತಾಗ ಅಳತೆ ತೆಗೆದುಕೊಳ್ಳಬೇಕು. ನಾನು ಕಲಿಸಬೇಕೆಂದಿರುವುದರ ಸಾರ ಇದಿಷ್ಟೇ, ಇನ್ನು ಮುಂದಿನದ್ದೆಲ್ಲ ಅದನ್ನು ಮಾಡುವ ಬಗೆ.

ಸ್ಪ್ಯಾನರ್ ಹಿಡಿಯುವ ಮುಂಚೆ ಗಾಡಿಯವರನ್ನು ಕೂರಿಸಿ ಕೇಳು. ‘ಸ್ಟಾರ್ಟ್ ಆಗಲ್ಲ’ ಅನ್ನುವ ಒಂದು ಮಾತಿನೊಳಗೆ ಬೇರೆ ಬೇರೆ ಕಾಯಿಲೆಗಳು ಅಡಗಿರುತ್ತವೆ. ಒತ್ತಿದಾಗ ಏನೂ ಸದ್ದಿಲ್ಲವಾ? ಸೀಟಿನ ಕೆಳಗೆ ಟಿಕ್ ಟಿಕ್ ಅನ್ನುತ್ತದಾ? ಮೋಟರ್ ನರಳುತ್ತಾ ನಿಧಾನ ತಿರುಗುತ್ತದಾ? ಮೋಟರ್ ಗಿರ್ರನೆ ತಿರುಗಿಯೂ ಇಂಜಿನ್ ತಿರುಗುವುದಿಲ್ಲವಾ? ಇಂಜಿನ್ ಚೆನ್ನಾಗಿ ತಿರುಗಿಯೂ ಹತ್ತಿಕೊಳ್ಳುವುದಿಲ್ಲವಾ? ಬಹಳ ಜನಕ್ಕೆ ಈ ವ್ಯತ್ಯಾಸ ಗೊತ್ತಿರುವುದಿಲ್ಲ, ಹಾಗಾಗಿ ನೀನು ಬಾಯಲ್ಲೇ ಸದ್ದು ಮಾಡಿ ತೋರಿಸು, ನಾಚಿಕೆ ಬೇಡ. ಆಮೇಲೆ ಯಾವಾಗ ಎಂದು ಕೇಳು. ಬೆಳಗ್ಗೆ ತಣ್ಣಗಿದ್ದಾಗಲೋ, ಓಡಿಸಿ ಬಂದು ಅಂಗಡಿ ಮುಂದೆ ಹತ್ತು ನಿಮಿಷ ನಿಲ್ಲಿಸಿದ ಮೇಲೋ? ಮಳೆಯಲ್ಲೋ, ತೊಳೆದ ಮೇಲೋ? ಹ್ಯಾಂಡಲ್ ಲಾಕ್ ತೆಗೆದ ತಕ್ಷಣವೋ? ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿತ್ತು? ಹೊಸದಾಗಿ ಹಾರ್ನೋ ಲೈಟೋ ಜಿಪಿಎಸ್ಸೋ ಹಾಕಿಸಿದ್ದೀರಾ? ಉತ್ತರವನ್ನು ನೀನೇ ಅವರ ಬಾಯಿಗೆ ತುಂಬಬೇಡ. ‘ಬಿಸಿಯಾದಾಗ ತಾನೇ?’ ಅಂದರೆ ಹತ್ತರಲ್ಲಿ ಎಂಟು ಜನ ಹೌದು ಅನ್ನುತ್ತಾರೆ, ನಿನ್ನ ಮೇಲಿನ ಗೌರವಕ್ಕೆ. ಕೇಳಿದ್ದನ್ನೆಲ್ಲ ಬರೆದಿಡು.

ಈಗ ಒತ್ತಿದರೆ ಸದ್ದಿಲ್ಲದ, ಇಲ್ಲವೇ ಬರೀ ಟಿಕ್ ಅನ್ನುವ ಗಾಡಿಯನ್ನೇ ಹಿಡಿಯೋಣ. ಹೆಚ್ಚು ಬರುವುದು ಇದೇ, ಹೆಚ್ಚು ದುಡ್ಡು ದಂಡವಾಗುವುದೂ ಇದರಲ್ಲೇ. ಮೀಟರ್ ಇಟ್ಟು ಬ್ಯಾಟರಿ ನೋಡುತ್ತೀಯ, 12.6 ವೋಲ್ಟ್ ತೋರಿಸುತ್ತದೆ. ಚೆನ್ನಾಗಿ ಚಾರ್ಜ್ ಆದ ಬ್ಯಾಟರಿ ಸುಮ್ಮನಿದ್ದಾಗ 12.6ರಿಂದ 12.8 ಇರಬೇಕು, ನಿಜ. ಆದರೆ ಸುಮ್ಮನಿದ್ದಾಗಿನ ಆ ಅಂಕಿಯನ್ನು ನಂಬಿ ಬ್ಯಾಟರಿಗೋ ವೈರಿಗೋ ಸರ್ಟಿಫಿಕೇಟ್ ಕೊಡಬೇಡ. ತೋಟದ ಪೈಪಿನ ತುದಿಯ ನಲ್ಲಿ ಮುಚ್ಚಿದ್ದಾಗ ಪೈಪಿನೊಳಗೆ ಎಷ್ಟೇ ಕಸ ಕಟ್ಟಿದ್ದರೂ ಒತ್ತಡ ಪೂರಾ ಇರುತ್ತದೆ, ನಲ್ಲಿ ಬಿಟ್ಟಾಗಲೇ ಬಣ್ಣ ಬಯಲಾಗುವುದು. ಮೀಟರ್ ತಾನಾಗಿ ಎಳೆದುಕೊಳ್ಳುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಕಿಲುಬು ಹಿಡಿದ ಟರ್ಮಿನಲ್ಲಿನಾಚೆಗೂ, ಒಂದೇ ಎಳೆ ಉಳಿದ ವೈರಿನಾಚೆಗೂ ಅದು 12 ವೋಲ್ಟ್ ಎಂದೇ ತೋರಿಸುತ್ತದೆ. ಸ್ಟಾರ್ಟರ್ ಮೋಟರ್ ಹತ್ತಾರು ಆಂಪಿಯರ್ ಕೇಳಿದಾಗ ಅಲ್ಲಿ ಉಳಿಯುವುದು ಏನೂ ಇಲ್ಲ.

ಆದ್ದರಿಂದ ಅಳತೆಯನ್ನೆಲ್ಲ ಸೆಲ್ಫ್ ಒತ್ತಿ ಹಿಡಿದಿರುವಾಗಲೇ ಮಾಡು. ಬ್ಯಾಟರಿಯ ಎರಡು ಕಂಬಕ್ಕೆ ಮೀಟರ್ ಕಡ್ಡಿ ಇಟ್ಟು ಯಾರಿಂದಲಾದರೂ ಗುಂಡಿ ಒತ್ತಿಸು. 10 ವೋಲ್ಟಿನ ಆಸುಪಾಸಿಗೆ ಇಳಿದು ಇಂಜಿನ್ ತಿರುಗಿದರೆ ಬ್ಯಾಟರಿಯ ಮೇಲೆ ಸದ್ಯಕ್ಕೆ ಅನುಮಾನ ಬೇಡ. ಆರೋ ಏಳೋ ವೋಲ್ಟಿಗೆ ಕುಸಿದರೆ ಬ್ಯಾಟರಿ ಸೋತಿದೆ. ಚಾರ್ಜ್ ಮಾಡಿ ಇನ್ನೊಮ್ಮೆ ನೋಡು. ಒತ್ತಿದರೂ 12.6 ಅಲ್ಲಾಡದೆ ನಿಂತಿದ್ದರೆ ಅದು ದೊಡ್ಡ ಸುಳಿವು: ಕರೆಂಟ್ ಹೊರಗೆ ಹೋಗುತ್ತಲೇ ಇಲ್ಲ, ದಾರಿ ಎಲ್ಲೋ ಕಡಿದಿದೆ. ಬ್ಯಾಟರಿಯಲ್ಲಿ 11 ಉಳಿದಿದೆ, ಆದರೂ ಮೋಟರ್ ನರಳುತ್ತಿದೆ ಅಂದರೆ ಕರೆಂಟು ದಾರಿಯಲ್ಲಿ ಪೋಲಾಗುತ್ತಿದೆ. ಆಗ ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೇ ಇಡು. ಅದಕ್ಕೆ ಬಿಗಿದ ನಟ್ಟಿಗಲ್ಲ, ಕಂಬಕ್ಕೆ. ಕೆಂಪು ಕಡ್ಡಿಯನ್ನು ಇಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಒತ್ತಿ ಸೆಲ್ಫ್ ಒತ್ತಿಸು. 0.2 ವೋಲ್ಟಿನೊಳಗೆ ಇದ್ದರೆ ಅರ್ತ್ ಸರಿಯಾಗಿದೆ. ಅರ್ಧ, ಒಂದು ವೋಲ್ಟ್ ತೋರಿಸಿದರೆ ಅರ್ತ್ ಕೇಬಲ್ಲಿನ ಎರಡೂ ತುದಿಯನ್ನು ಬಿಚ್ಚಿ ಹೊಳೆಯುವವರೆಗೆ ಉಜ್ಜಬೇಕು. ಹಾಗೆಯೇ ಪಾಸಿಟಿವ್ ಕಂಬದಿಂದ ಸ್ಟಾರ್ಟರ್ ಮೋಟರಿನ ಬೋಲ್ಟಿನವರೆಗೂ ನೋಡು. ಹೊಸ ಬ್ಯಾಟರಿ, ಹೊಸ ರಿಲೇ ಎಲ್ಲ ಹಾಕಿಸಿಯೂ ತೊಂದರೆ ಬಿಡದ ಗಾಡಿಗಳಲ್ಲಿ ಕೊನೆಗೆ ಫ್ರೇಮಿಗೆ ಬಿಗಿದ ಒಂದು ಅರ್ತ್ ಬೋಲ್ಟ್ ತುಕ್ಕು ಹಿಡಿದಿರುವುದನ್ನು ನಾನು ಕಂಡಿದ್ದೇನೆ. ಅದಕ್ಕೆ ಬೇಕಾದದ್ದು ಒಂದು ತುಂಡು ಎಮೆರಿ ಪೇಪರ್.

ರಿಲೇ ಟಿಕ್ ಅಂದಿತು, ಮೋಟರ್ ತಿರುಗಲಿಲ್ಲ. ಕೂಡಲೇ ರಿಲೇ ಬದಲಾಯಿಸುವುದು ಬೇಡ. ಅದರ ಎರಡು ದಪ್ಪ ಬೋಲ್ಟುಗಳ ನಡುವೆ ಮೀಟರ್ ಇಟ್ಟು ಒತ್ತಿಸು. ಒಳಗಿನ ಕಾಂಟ್ಯಾಕ್ಟ್ ಸರಿಯಾಗಿ ಕೂಡಿದ್ದರೆ ಅಂಕಿ ಸೊನ್ನೆಯ ಹತ್ತಿರಕ್ಕೆ ಬೀಳಬೇಕು. ಟಿಕ್ ಅಂದರೂ 12 ವೋಲ್ಟ್ ಹಾಗೇ ನಿಂತಿದ್ದರೆ ಕಾಂಟ್ಯಾಕ್ಟ್ ಸುಟ್ಟಿದೆ, ಆಗ ಬದಲಾಯಿಸು. ಸೊನ್ನೆಗೆ ಬಿತ್ತು, ಮೋಟರಿನ ಬೋಲ್ಟಿನಲ್ಲೂ ವೋಲ್ಟೇಜ್ ಪೂರಾ ಬಂದಿದೆ, ಅರ್ತ್ ಕೂಡ ಸರಿಯಿದೆ, ಮೋಟರ್ ಮಾತ್ರ ತಿರುಗುತ್ತಿಲ್ಲ ಅಂದರೆ ಸ್ಪ್ಯಾನರಿನ ಹಿಡಿಯಿಂದ ಮೋಟರಿಗೆ ಮೆಲ್ಲಗೆ ತಟ್ಟು. ತಟ್ಟಿದಾಗ ತಿರುಗಿದರೆ ಒಳಗೆ ಕಾರ್ಬನ್ ಬ್ರಷ್ ಸವೆದು ಹಿಡಿತ ತಪ್ಪಿದೆ. ಹಾಗೆ ತಟ್ಟಿ ಓಡಿಸಿಕೊಂಡು ಹೋಗಿ ಎಂದು ಕಳಿಸಬೇಡ, ತಟ್ಟುವುದು ಗುರುತು ಹಿಡಿಯುವುದಕ್ಕೆ ಮಾತ್ರ. ಮೋಟರ್ ಗಿರ್ರನೆ ತಿರುಗಿ ಇಂಜಿನ್ ತಿರುಗದಿದ್ದರೆ ಒನ್‌ವೇ ಕ್ಲಚ್ ಜಾರುತ್ತಿದೆ. ಅದಕ್ಕೆ ಇಂಜಿನ್ ಪಕ್ಕದ ಕವರ್ ಬಿಚ್ಚಲೇಬೇಕು.

ಟಿಕ್ ಕೂಡ ಇಲ್ಲದಿದ್ದರೆ ನೋಡಬೇಕಾದದ್ದು ರಿಲೇಗೆ ಅಪ್ಪಣೆ ಕೊಡುವ ತೆಳು ವೈರುಗಳ ದಾರಿ. ಈಗಿನ ಗಾಡಿಗಳಲ್ಲಿ ಸೆಲ್ಫ್ ಗುಂಡಿಯ ಜೊತೆಗೆ ಕಿಲ್ ಸ್ವಿಚ್, ಕ್ಲಚ್ ಅಥವಾ ನ್ಯೂಟ್ರಲ್ ಸ್ವಿಚ್, ಸೈಡ್ ಸ್ಟ್ಯಾಂಡ್ ಸ್ವಿಚ್ ಇವೆಲ್ಲ ಒಪ್ಪಿದರೆ ಮಾತ್ರ ರಿಲೇ ಏಳುತ್ತದೆ. ಯಾವ ಗಾಡಿಯಲ್ಲಿ ಯಾವುದು ಯಾವುದಕ್ಕೆ ಕಟ್ಟಿಕೊಂಡಿದೆ ಎಂಬುದು ಮಾಡೆಲ್‌ಗೆ ತಕ್ಕಂತೆ ಬೇರೆ, ಅದಕ್ಕೇ ವೈರಿಂಗ್ ಚಿತ್ರ ಓದುವುದನ್ನು ಕಲಿ ಅಂತ ನಿನಗೆ ಪದೇಪದೇ ಹೇಳುವುದು. ಕೈಕೊಟ್ಟಾಗ ಗಾಡಿಯವರು ರಸ್ತೆಯಲ್ಲೇ ಮಾಡಬಹುದಾದ ಪರೀಕ್ಷೆಯೂ ಇದೆ. ನ್ಯೂಟ್ರಲ್‌ನಲ್ಲಿ ಒತ್ತಿದಾಗ ಏಳದ್ದು ಕ್ಲಚ್ ಹಿಡಿದು ಒತ್ತಿದಾಗ ಎದ್ದರೆ, ಗಾಡಿಯ ಮೀಟರಿನಲ್ಲಿ ಹಸಿರು ದೀಪವೂ ಮಿಣುಕುತ್ತಿದ್ದರೆ ನ್ಯೂಟ್ರಲ್ ಸ್ವಿಚ್ ನೋಡು. ಸೈಡ್ ಸ್ಟ್ಯಾಂಡ್ ಸ್ವಿಚ್ ಇರುವ ಜಾಗವೇ ಕೆಸರು ಎರಚುವ ಜಾಗ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೊದಲು ಅದನ್ನೇ ನೋಡು. ಕೆಂಪು ಕಿಲ್ ಸ್ವಿಚ್ ಬಿಸಿಲು ಮಳೆಯಲ್ಲಿ ವರ್ಷವಿಡೀ ಒಂದೇ ಕಡೆ ಕೂತಿರುತ್ತದೆ, ಹಾಗಾಗಿ ಒಳಗೆ ಕಿಲುಬು. ಹ್ಯಾಂಡಲ್ಲಿನ ಕುತ್ತಿಗೆಯ ಹತ್ತಿರ ವೈರಿನ ಕಟ್ಟು ಪ್ರತಿ ತಿರುವಿನಲ್ಲೂ ಬಾಗುತ್ತದೆ, ಮೇಲಿನ ಪ್ಲಾಸ್ಟಿಕ್ ಸರಿಯಿದ್ದು ಒಳಗಿನ ತಾಮ್ರ ಮಾತ್ರ ತುಂಡಾಗಿರುತ್ತದೆ. ಸೆಲ್ಫ್ ಒತ್ತಿ ಹಿಡಿದು ಹ್ಯಾಂಡಲ್ಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸು, ಕಟ್ಟನ್ನು ಬೆರಳಿಂದ ಹಿಸುಕುತ್ತ ಬಾ. ಅಡಿಕೆ ಕೊಟ್ಟಿಗೆಯಲ್ಲಿ ನಿಲ್ಲಿಸುವ ಗಾಡಿಯಾದರೆ ಇಲಿ ಕಡಿದಿದೆಯೇ ಎಂದೂ ನೋಡು.

ಹೀಗೆ ಅಲ್ಲಾಡಿಸುವುದು, ಬಿಸಿ ಮಾಡುವುದು, ನೀರು ಚಿಮುಕಿಸುವುದು, ಇವೇ ತೊಂದರೆಯನ್ನು ಕರೆಯುವ ದಾರಿ. ಮಳೆಯಲ್ಲಿ ನಿಲ್ಲುತ್ತದೆ ಅಂದರಾ? ಸಂಜೆ ಕತ್ತಲಾದ ಮೇಲೆ ಇಂಜಿನ್ ಓಡಿಸಿ, ಗಿಡಕ್ಕೆ ನೀರು ಚಿಮುಕಿಸುವ ಬಾಟಲಿಯಿಂದ ಪ್ಲಗ್ ಕ್ಯಾಪಿನ ಮೇಲೂ ಕಾಯಿಲ್ ವೈರಿನ ಮೇಲೂ ಚಿಮುಕಿಸು, ನಿನ್ನ ಕೈ ಮಾತ್ರ ದೂರವಿರಲಿ. ಕ್ಯಾಪ್ ಬಿರುಕು ಬಿಟ್ಟಿದ್ದರೆ ನೀಲಿ ಕಿಡಿ ಹೊರಗೆ ಹಾರುವುದು ಕಾಣುತ್ತದೆ. ಬಿಸಿಯಾದರೆ ನಿಲ್ಲುತ್ತದೆ ಅಂದರಾ? ಕಿಡಿಯ ಸಮಯ ತಿಳಿಸುವ ಪಲ್ಸರ್ ಕಾಯಿಲ್ಲಿನ ಓಮ್ಸನ್ನು ತಣ್ಣಗಿದ್ದಾಗ ಅಳೆದು ಬರೆದುಕೋ, ಆಮೇಲೆ ಗಾಡಿಯನ್ನು ಹತ್ತು ಕಿಲೋಮೀಟರ್ ಓಡಿಸಿಕೊಂಡು ಬಂದು ಅಲ್ಲೇ ಅಳೆ. ತಾಮ್ರ ಬಿಸಿಯಾದಂತೆ ಪ್ರತಿ ಡಿಗ್ರಿಗೂ ಸುಮಾರು 0.4 ಶೇಕಡಾ ರೆಸಿಸ್ಟೆನ್ಸ್ ಏರುವುದು ಸಹಜ. 25 ಡಿಗ್ರಿಯಲ್ಲಿ 200 ಓಮ್ಸ್ ಇದ್ದ ಕಾಯಿಲ್ 85 ಡಿಗ್ರಿಯಲ್ಲಿ 247ರ ಹತ್ತಿರ ತೋರಿಸಿದರೆ ಅದು ಕೆಟ್ಟಿಲ್ಲ. ಅಂಕಿ ಕುಣಿದಾಡಿದರೆ ಅಥವಾ ಮೀಟರ್ ಓಪನ್ ಎಂದು ತೋರಿಸಿದರೆ ಅದೇ ಕಳ್ಳ. ತಣ್ಣಗಾದ ಮೇಲೆ ಅಳೆದು ಸರಿ ಇದೆ ಎಂದು ತೀರ್ಮಾನಿಸುವವರೇ ಹೆಚ್ಚು. ತಣ್ಣಗಿದ್ದಾಗ ಅದು ಸರಿಯಾಗಿಯೇ ಇರುತ್ತದೆ!

ಬಿಸಿಯಲ್ಲಿ ನಿಲ್ಲುವ ಕಾಯಿಲ್ಲಿನ ವೇಷ ಹಾಕಿಕೊಂಡು ಬರುವ ಇನ್ನೊಂದು ತೊಂದರೆ ಇದೆ. ಟ್ಯಾಂಕ್ ಮುಚ್ಚಳದಲ್ಲಿ ಗಾಳಿ ಒಳಗೆ ಬರುವ ಸಣ್ಣ ತೂತು ಕೆಸರಿನಿಂದ ಮುಚ್ಚಿದ್ದರೆ ಪೆಟ್ರೋಲ್ ಖಾಲಿಯಾದಂತೆ ಒಳಗೆ ನಿರ್ವಾತವಾಗಿ, ಕಾರ್ಬೊರೇಟರಿಗೆ ಪೆಟ್ರೋಲ್ ಇಳಿಯುವುದು ನಿಲ್ಲುತ್ತದೆ. ಗಾಡಿ ಅರ್ಧ ಗಂಟೆ ಓಡಿ ನಿಲ್ಲುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಗಾಳಿ ಮೆಲ್ಲಗೆ ನುಸುಳಿ ಮತ್ತೆ ಹಿಡಿಯುತ್ತದೆ. ಎರಡರದ್ದೂ ಲಕ್ಷಣ ಒಂದೇ. ಗಾಡಿಯವರಿಗೆ ಹೇಳಿ ಕಳಿಸು: ನಿಂತ ಕೂಡಲೇ, ತಣ್ಣಗಾಗಲು ಬಿಡದೆ, ಟ್ಯಾಂಕ್ ಮುಚ್ಚಳ ತೆಗೆದು ನೋಡಿ. ಸುಸ್ ಎಂದು ಗಾಳಿ ಒಳಗೆ ನುಗ್ಗಿ, ಗಾಡಿ ತಕ್ಷಣ ಸ್ಟಾರ್ಟ್ ಆದರೆ ಕಾಯಿಲ್ ಮುಟ್ಟುವ ಅಗತ್ಯವೇ ಇಲ್ಲ. ಒಂದು ಸೂಜಿಯಿಂದ ಮುಗಿಯುವ ಕೆಲಸ.

ಇಂಜಿನ್ ತಿರುಗಿಯೂ ಹತ್ತಿಕೊಳ್ಳದಿದ್ದರೆ ಅದೇ ಗಳಿಗೆಯಲ್ಲಿ ಪ್ಲಗ್ ಬಿಚ್ಚು. ಒದ್ದೆಯಾಗಿದ್ದರೆ ಪೆಟ್ರೋಲ್ ಬಂದಿದೆ, ಕಿಡಿ ಬಂದಿಲ್ಲ. ಒಣಗಿದ್ದರೆ ಪೆಟ್ರೋಲಿನ ಕಡೆ ನೋಡು. ಕಿಡಿ ನೋಡುವಾಗ ಪ್ಲಗ್ಗನ್ನು ಇಂಜಿನ್ನಿಗೆ ಒತ್ತಿ ಹಿಡಿದಿರಬೇಕು, ಪ್ಲಗ್ ತೂತಿನಿಂದ ದೂರ ಇರಬೇಕು, ಸುತ್ತ ಪೆಟ್ರೋಲ್ ಚೆಲ್ಲಿರಬಾರದು. ಕ್ಯಾಪನ್ನು ಗಾಳಿಯಲ್ಲಿ ಬಿಟ್ಟು ತಿರುಗಿಸಿದರೆ ಕಿಡಿ ಕೊಡುವ ಸಿಡಿಐ ಸುಟ್ಟುಹೋಗಬಹುದು. ಇನ್ನೊಂದು ಮಾತು, ಹೊರಗೆ ಗಾಳಿಯಲ್ಲಿ ಕಿಡಿ ಹಾರಿತು ಎಂದ ಮಾತ್ರಕ್ಕೆ ಸಿಲಿಂಡರಿನ ಒತ್ತಡದಲ್ಲೂ ಹಾರುತ್ತದೆ ಎಂದು ತಿಳಿಯಬೇಡ. ಒತ್ತಡ ಹೆಚ್ಚಿದಷ್ಟೂ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಅದಕ್ಕೇ ಕಿಡಿ ಪರೀಕ್ಷೆಯ ಗೇಜಿನಲ್ಲಿ 6 ಮಿಲಿಮೀಟರ್ ಅಂತರ ದಾಟುತ್ತದೆಯೇ ಎಂದು ನೋಡುವುದು.

ಪೆಟ್ರೋಲಿನ ಬಗ್ಗೆ ಒಂದು ವಿಷಯ ಈಗ ಹೊಸದಾಗಿ ಸೇರಿಕೊಂಡಿದೆ. 20 ಶೇಕಡಾ ಎಥೆನಾಲ್ ಬೆರೆಸಿದ ಇ20 ಪೆಟ್ರೋಲನ್ನು ಪ್ರಧಾನಿ 2023ರ ಫೆಬ್ರುವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು. ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಇಂಜಿನ್ ಮೊದಲು ಎಳೆಯುವುದು ತಳದ್ದನ್ನೇ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿದ ಹಳೆಯ ಕಾರ್ಬೊರೇಟರ್ ಗಾಡಿ ಬಂದರೆ ಬಟ್ಟಲಿನ ಡ್ರೇನ್ ಸ್ಕ್ರೂ ಸಡಿಲಿಸಿ ಗಾಜಿನ ಸೀಸೆಯಲ್ಲಿ ಹಿಡಿ. ಎರಡು ಪದರ ಕಂಡರೆ ಉತ್ತರ ಸಿಕ್ಕಿತು.

2020ರ ಏಪ್ರಿಲ್ 1ರಿಂದ ಬಿಎಸ್6 ಮಾಲಿನ್ಯ ನಿಯಮ ಬಂದ ಮೇಲೆ ಹೆಚ್ಚುಕಮ್ಮಿ ಎಲ್ಲ ಹೊಸ ಗಾಡಿಯಲ್ಲೂ ಕಾರ್ಬೊರೇಟರ್ ಬದಲು ಇಂಜೆಕ್ಷನ್ನೇ. ಕೀ ತಿರುಗಿಸಿದಾಗ ಟ್ಯಾಂಕಿನೊಳಗಿನ ಪಂಪ್ ಎರಡು ಮೂರು ಸೆಕೆಂಡ್ ಜುಂಯ್ ಎಂದು ನಿಲ್ಲಬೇಕು. ಕೈಕೊಟ್ಟಾಗ ಆ ಸದ್ದು ಬಂತೋ ಇಲ್ಲವೋ ಎಂದು ಕೇಳಿಸಿಕೊಳ್ಳಲು ಗಾಡಿಯವರಿಗೆ ಕಲಿಸು, ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಇಂಜಿನ್ ದೀಪ ಉರಿಯುತ್ತಲೇ ಇದ್ದರೆ ಕೋಡ್ ಓದು. ಆದರೆ ಕೋಡ್ ತೋರಿಸಿದ ಸೆನ್ಸರನ್ನು ಕಣ್ಣುಮುಚ್ಚಿ ಬದಲಾಯಿಸಬೇಡ, ಅದಕ್ಕೆ ಹೋಗುವ ವೈರು, ಅರ್ತ್ ಮೊದಲು ನೋಡು. ಸೆಲ್ಫ್ ಒತ್ತಿದಾಗ ವೋಲ್ಟೇಜ್ ತೀರಾ ಕುಸಿದರೆ ಮೋಟರ್ ತಿರುಗುತ್ತಿದ್ದರೂ ಇಂಜಿನ್ ನಿಯಂತ್ರಿಸುವ ಇಸಿಯು ಮಲಗಿಬಿಡುತ್ತದೆ, ಕಿಡಿಯೂ ಇಲ್ಲ ಪೆಟ್ರೋಲೂ ಇಲ್ಲ. ಅಲ್ಲಿಗೆ ಮತ್ತೆ ಆ ಅರ್ತ್ ಬೋಲ್ಟಿಗೇ ಬಂದೆವು.

ನಾವು ಕೆಲಸ ಕಲಿತದ್ದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಜಾವಾ, ಯೆಜ್ಡಿಗಳ ಮೇಲೆ. 1961ರಿಂದ 1996ರವರೆಗೆ ಅವು ಅಲ್ಲಿ ತಯಾರಾದವು. ಕಿಕ್ಕರ್ ಆಗಿದ್ದ ಲಿವರೇ ಗೇರ್ ಲಿವರ್ ಕೂಡ ಆಗಿತ್ತು. ಕಿಕ್ ಹೊಡೆದ ಪಾದಕ್ಕೇ ಕಂಪ್ರೆಷನ್ ಹೇಗಿದೆ ಎಂದು ಗೊತ್ತಾಗುತ್ತಿತ್ತು. ನಿನ್ನ ಕಾಲದ ಎಷ್ಟೋ ಗಾಡಿಗಳಿಗೆ ಕಿಕ್ಕರೇ ಇಲ್ಲ. ಪಾದಕ್ಕೆ ತಿಳಿಯುತ್ತಿದ್ದದ್ದನ್ನು ನೀನು ಕಂಪ್ರೆಷನ್ ಗೇಜಿನಿಂದ, ವಾಲ್ವ್ ಬಿಗಿಯಾಗಿದೆಯೇ ಎಂದು ಫೀಲರ್ ಗೇಜಿನಿಂದ ತಿಳಿಯಬೇಕು. ಬೆಳಗ್ಗೆ ಮಾತ್ರ ಸತಾಯಿಸುವ, ಪ್ಲಗ್, ಪೆಟ್ರೋಲ್, ಬ್ಯಾಟರಿ ಎಲ್ಲ ಸರಿಯಿರುವ ಗಾಡಿಯಲ್ಲಿ ವಾಲ್ವ್ ಮರೆಯಬೇಡ.

ವಾರಗಟ್ಟಲೆ ನಿಲ್ಲಿಸಿದ ಮೇಲಷ್ಟೇ ಏಳದ ಗಾಡಿಗಳ ಲೆಕ್ಕ ಬೇರೆ. ಕೀ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚಿ ನಡುವೆ ಆಂಪಿಯರ್ ಮೀಟರ್ ಕಟ್ಟು. ಒಂದೆರಡು ಮಿಲಿಆಂಪಿಯರ್ ಇದ್ದರೆ ಚಿಂತೆಯಿಲ್ಲ. 10 ಇದ್ದರೆ 5 ಆಂಪಿಯರ್ ಅವರ್ ಬ್ಯಾಟರಿ 500 ಗಂಟೆಯಲ್ಲಿ, ಅಂದರೆ ಮೂರು ವಾರದೊಳಗೆ ಪೂರ್ತಿ ಬರಿದು. ಆಮೇಲೆ ಹಾಕಿಸಿದ ಜಿಪಿಎಸ್, ಅಲಾರಂಗಳನ್ನು ಒಂದೊಂದೇ ಬಿಚ್ಚಿ ನೋಡು. ಮೀಟರ್ ಹಾಗೆ ಕಟ್ಟಿದ್ದಾಗ ಅಪ್ಪಿತಪ್ಪಿಯೂ ಸೆಲ್ಫ್ ಒತ್ತಬೇಡ, ಮೀಟರಿನ ಫ್ಯೂಸ್ ಹಾರುತ್ತದೆ. ಇಂಜಿನ್ ವೇಗ ಏರಿಸಿದಾಗ ಬ್ಯಾಟರಿಯಲ್ಲಿ 13.5ರಿಂದ 14.5 ವೋಲ್ಟ್ ಬರುತ್ತಿದೆಯೇ ಎಂದೂ ನೋಡು. ಬರದಿದ್ದರೆ ಎಷ್ಟು ಹೊಸ ಬ್ಯಾಟರಿ ಹಾಕಿದರೂ ತಿಂಗಳಿಗೊಂದು ಸಾಯುತ್ತದೆ.

ಇಷ್ಟೆಲ್ಲ ಮಾಡಿಯೂ ಸಿಗದೇ ಇರಬಹುದು. ಆಗ ‘ಇನ್ನೂ ಸಿಕ್ಕಿಲ್ಲ ಅಣ್ಣಾ, ಎರಡು ದಿನ ಗಾಡಿ ಇಲ್ಲೇ ಇರಲಿ’ ಎಂದು ನೇರವಾಗಿ ಹೇಳು. ಅವರಿಗೆ ಗಾಡಿ ಬೇಕೇ ಬೇಕು ಅಂದರೆ ಒಂದು ಟೆಸ್ಟ್ ಲ್ಯಾಂಪ್ ಕಟ್ಟಿಕೊಡು, 21 ವ್ಯಾಟ್ ಇಂಡಿಕೇಟರ್ ಬಲ್ಬಿಗೆ ಎರಡು ವೈರು ಸಾಕು. ಅದು 1.75 ಆಂಪಿಯರ್ ಎಳೆಯುವುದರಿಂದ ಮೀಟರ್ ನಂಬಿಬಿಡುವ ಕಿಲುಬನ್ನು ಅದು ನಂಬುವುದಿಲ್ಲ. ಕೈಕೊಟ್ಟಾಗ ಎಲ್ಲಿ ಮುಟ್ಟಿಸಬೇಕು, ಬೆಳಕು ಹೇಗಿರಬೇಕು ಎಂದು ತೋರಿಸಿಕೊಡು. ಫೋನಿನಲ್ಲಿ ಆ ಸದ್ದನ್ನೂ ಮೀಟರ್ ದೀಪಗಳನ್ನೂ ವಿಡಿಯೋ ಮಾಡಿ ಕಳಿಸಲು ಹೇಳು. ಊಹೆಯ ಮೇಲೆ ಬದಲಾಯಿಸಿದ ಸಾಮಾನಿಗೆ ದುಡ್ಡು ತೆಗೆದುಕೊಳ್ಳಬೇಡ. ಬದಲಾಯಿಸಲೇಬೇಕಾದರೆ ಒಂದು ಸಲಕ್ಕೆ ಒಂದನ್ನೇ ಬದಲಾಯಿಸು, ಹಳೆಯದನ್ನು ಅವರ ಕೈಗೇ ಕೊಡು. ಮೂರು ಒಟ್ಟಿಗೆ ಬದಲಾಯಿಸಿ ಗಾಡಿ ಸರಿಯಾದರೂ ಯಾವುದರಿಂದ ಸರಿಯಾಯಿತು ಎಂದು ನಿನಗೆ ಗೊತ್ತಾಗುವುದಿಲ್ಲ, ಮುಂದಿನ ಗಾಡಿಗೆ ಅದರಿಂದ ಕಲಿತದ್ದು ಏನೂ ಉಳಿಯುವುದಿಲ್ಲ.

ತಪ್ಪು ಸಿಕ್ಕಿತು ಎನ್ನುವುದಕ್ಕೂ ಮುಂಚೆ ಒಂದು ಕೆಲಸ ಬಾಕಿ ಇರುತ್ತದೆ. ಸರಿ ಮಾಡಿದ್ದನ್ನು ಮತ್ತೆ ಕೆಡಿಸಿ ನೋಡು. ಆ ಕನೆಕ್ಟರ್ ಬಿಚ್ಚಿದರೆ ಗಾಡಿಯವರು ಹೇಳಿದ ಅದೇ ಲಕ್ಷಣ, ಅದೇ ಸದ್ದು ಬರಬೇಕು, ಚುಚ್ಚಿದರೆ ಹೋಗಬೇಕು. ಬೇರೆ ಲಕ್ಷಣ ಬಂದರೆ ನೀನು ಹಿಡಿದಿರುವುದು ಬೇರೆಯದೇ ತೊಂದರೆ, ಹುಡುಕುತ್ತಿದ್ದದ್ದು ಇನ್ನೂ ಒಳಗೇ ಇದೆ.

ಗಾಡಿ ಕೊಟ್ಟು ಹತ್ತು ದಿನ ಬಿಟ್ಟು ನೀನೇ ಫೋನ್ ಮಾಡು. ‘ಗಾಡಿ ಚೆನ್ನಾಗಿದೆಯಾ?’ ಅಂತ ಕೇಳಿದರೆ ಹೂಂ ಅಂದುಬಿಡುತ್ತಾರೆ. ‘ಯಾವತ್ತಾದರೂ ಗುಂಡಿಯನ್ನು ಎರಡನೇ ಸಲ ಒತ್ತಬೇಕಾಯಿತಾ?’ ಎಂದು ಕೇಳು. ಒಂದು ಸಲ ಅಂದರೂ ಗಾಡಿ ವಾಪಸ್ ತರಿಸು.